ನೆರಳು ಕೇಳಿದ ಕಂಬಾರ

ಮೊಮ್ಮಕ್ಕಳೇ, ಧಾರವಾಡದ ರೈತರ ಮೇಳದಲ್ಲಿ ಜನರೆದುರು ಕಬ್ಬಿಣ ಬಡಿದು ತೋರಿಸುತ್ತಿದ್ದ ಕಮರಿಪೇಟೆಯ ಕಂಬಾರರೊಬ್ಬರನ್ನು ನಾನು ವರ್ಷಾ ವರ್ಷ ನೋಡುತ್ತಿದ್ದೆ. ನಮ್ಮ ಹೆಂಗಸರ ಸಂಘದ ರೊಟ್ಟಿ ಅಂಗಡಿ ಅವರ ಪಕ್ಕದಲ್ಲೇ ಇರುತ್ತಿತ್ತು. ಕುಲುಮೆಯಿಂದ ಕಬ್ಬಿಣ ತೆಗೆದಾಗಲೆಲ್ಲ ಒಂದು ಕಣ್ಣು ಕಿರಿದು ಮಾಡಿ, “ಬಣ್ಣ ಕಾಣಬೇಕ್ರಿ,” ಎನ್ನುತ್ತಿದ್ದರು. ಕಾದ ಬಣ್ಣ ಕೆಂಪು ಮೀರಿದ್ದರೆ ನೀರಿಗೆ ಅದ್ದಿದೊಡನೆ ಅಲಗು ಬಿರಿಯುತ್ತದಂತೆ.

ಒಂದು ವರ್ಷ, ಎಲ್ಲರಿಗೂ ಕಾಣಲೆಂದು ಮೇಳದವರು ಕುಲುಮೆಯನ್ನು ಬಟ್ಟಬಯಲಿನಲ್ಲಿ ಹಾಕಿಸಿದ್ದರು. ಸುಡುಬಿಸಿಲಲ್ಲಿ ಅವರಿಗೆ ಬಣ್ಣವೇ ತಿಳಿಯಲಿಲ್ಲ. ನೀರಿಗೆ ಅದ್ದಿ ತೆಗೆದ ಕುಡಗೋಲನ್ನು ಕಬ್ಬಿಣ ಬಡಿಯುವ ಅಡೆಗಲ್ಲಿಗೆ ತಟ್ಟಿ ಕಿವಿಗೊಟ್ಟರು. ಒಡಕು ದನಿ ಕೇಳಿ ಮುಖ ಸಪ್ಪಗಾಯಿತು. “ಬಿರಕ ಬಿಟ್ಟೈತಿ,” ಎಂದು ಜನರೆದುರೇ ಬದಿಗೆ ಎಸೆದರು.

ಮೇಳದ ಸಾಹೇಬರು ಓಡಿ ಬಂದರು. “ಕಾಕಾ, ಅದನ್ನ ಅತಿಥಿಗಳ ಕೈಯಾಗ ಕೊಡೂದೈತಿ. ಬರೇ ತೋರಸಾಕ, ನಡೀತೈತಿ ಕೊಡ್ರಿ.”

“ತೋರಸೂ ಕುಡಗೋಲೂ ಕೊಯ್ಯಬೇಕ್ರಿ ಸಾಹೇಬ್ರ,” ಎಂದವರೇ ನಮ್ಮತ್ತ ತಿರುಗಿದರು. “ಅಕ್ಕಾರ, ಒಂದೀಟು ನೆರಳ ಮಾಡ್ತೀರೇನ್ರಿ?”

ನಾವು ನಾಲ್ವರು ಹೆಂಗಸರು ಕುಳಿತಿದ್ದ ಜಮಖಾನೆಯನ್ನೇ ಎತ್ತಿ ಅವರ ಮೇಲೆ ಹಿಡಿದೆವು.

“ನಾವೇನ ಜಮಖಾನಿ ನೋಡಾಕ ಬಂದೇವೇನು?” ಎಂದು ಯಾರೋ ಕೂಗಿದರು. ಜನ ನಕ್ಕರು. ಕಂಬಾರರು ತಲೆ ಎತ್ತದೆ, ನೆರಳಲ್ಲಿ ಬಣ್ಣ ನೋಡಿ ಇನ್ನೊಂದು ಕುಡಗೋಲನ್ನು ನೀರಿಗೆ ಅದ್ದಿದರು.

ಈ ಎರಡನೆಯ ಕುಡಗೋಲು ಅಡೆಗಲ್ಲಿನ ಮೇಲೆ ಗಂಟೆಯಂತೆ ಕೇಳಿತು. ಮಸೆದು ಹಿಡಿ ಹಾಕಿದ ಮೇಲೆ ಸಾಹೇಬರು ಕೈ ಚಾಚಿದರು. ಕಂಬಾರರು ಕೊಡಲಿಲ್ಲ. ಪಕ್ಕದಲ್ಲಿ ಕಟ್ಟಿದ್ದ ಎತ್ತಿನ ಮುಂದಿದ್ದ ಹಸಿ ಜೋಳದ ದಂಟನ್ನು ಹಿಡಿತುಂಬ ಹಿಡಿದು, ಒಂದೇ ಎಳೆತಕ್ಕೆ ಕೊಯ್ದರು. ಅಲಗನ್ನು ಧೋತರಕ್ಕೆ ಒರೆಸಿ ಆಮೇಲೆ ಸಾಹೇಬರ ಕೈಗಿತ್ತರು.

“ಈಗ ತೋರಸ್ರಿ.”