ಹೊಂಗನೂರಿನ ಎಣ್ಣೆ ಬೋರ್ಡು

ಚನ್ನಪಟ್ಟಣದಲ್ಲಿ ಬುಗುರಿ ಕಡೆಯುವ ಅಸ್ಗರನಿಗೆ ತಲೆ ಕೆಟ್ಟಿದೆ ಎಂದು ಬೀದಿಯವರೆಲ್ಲ ಆಡಿಕೊಂಡರು. ಅವರ ಬಾಯಿಗೆ ಮಣ್ಣು ಹಾಕ! ಹೆಂಡತಿ ಗುಲ್ಜಾರ್ ಬೀ ತೀರಿಕೊಂಡ ಮೇಲೆ ಅವನು ಹಳೆಯ ಎಣ್ಣೆ ಕಂಪನಿಗಳ ತಗಡಿನ ಬೋರ್ಡು ಹುಡುಕುತ್ತ ರಾಮನಗರ, ಮಾಗಡಿ, ಕನಕಪುರದ ಗುಜರಿ ಅಂಗಡಿಗಳನ್ನು ಸುತ್ತಿದ್ದು ನಿಜ. ಆದರೆ ಅವನಿಗೆ ಬೇಕಾಗಿದ್ದದ್ದು ಒಂದೇ ಬೋರ್ಡು. ಹೊಂಗನೂರಿನಲ್ಲಿ ಮಾವನ ಸೀಮೆಎಣ್ಣೆ ಅಂಗಡಿಯ ಮುಂದಿದ್ದ, ನಕ್ಷತ್ರ ಮಾರ್ಕಿನ ನೀಲಿ ಬೋರ್ಡು. ಅದರ ಕೆಳಗೆ ನಿಂತು ಎಣ್ಣೆ ಅಳೆದುಕೊಡುತ್ತಿದ್ದ ಹುಡುಗಿಯನ್ನು ನೋಡಿಯೇ ಅವನು ಮದುವೆಗೆ ಹಟ ಹಿಡಿದದ್ದು. ಮಾವ ಸತ್ತಾಗ ಅಂಗಡಿ ಮುಚ್ಚಿತು, ಬೋರ್ಡು ಗುಜರಿಗೆ ಹೋಯಿತು.

ಅವನ ಮನೆ ಪಕ್ಕದಲ್ಲೇ ನನ್ನ ಸೈಕಲ್ ಶಾಪು. ಕೇಳಿ ಕೇಳಿ ನನಗೂ ಬೋರ್ಡು ಪರೀಕ್ಷಿಸುವ ವಿದ್ಯೆ ಹತ್ತಿತು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಎಪ್ಪತ್ತೆರಡನೇ ಇಸವಿಗಿಂತ ಈಚಿನದು. ಅಕ್ಷರದ ಅಂಚು ಉಗುರಿಗೆ ತಗುಲಿದರೆ ಹಳೆಯ ಗಾಜಿನ ಲೇಪ, ಅಂದರೆ ಎನಾಮಲ್. ಲೇಪ ಚಕ್ಕೆ ಎದ್ದ ಕಡೆ ಕಪ್ಪು ಪದರ ಕಂಡರೆ ಅಸಲಿ, ಬರೀ ತಗಡು ಕಂಡರೆ ಯಾರೋ ಬಣ್ಣ ಬಳಿದು ತುಕ್ಕು ಹಿಡಿಸಿದ ನಕಲಿ.

ಹೋದ ವರ್ಷ ಕೆಂಗಲ್ ಹತ್ತಿರದ ಗುಜರಿಯಲ್ಲಿ ನಕ್ಷತ್ರದ ಬೋರ್ಡು ಸಿಕ್ಕಿತು. ಮೂಲೆಯಲ್ಲಿ ಚಕ್ಕೆ ಎದ್ದ ಗುಳಿಗೆ ಯಾರೋ ಬುಗುರಿಗೆ ಬಣ್ಣವಾಗಿ ಹಚ್ಚುವ ಕೆಂಪು ಅರಗು ತುಂಬಿದ್ದರು. ನಮ್ಮೂರಿನ ಕಡೆಯವರು ಏನು ಒಡೆದರೂ ಅರಗು ಮೆತ್ತುವವರೇ. ಅಸ್ಗರ್ ಅದನ್ನು ಬಿಸಿ ಮಾಡಿ ಕಿತ್ತ. ಅಡಿಯಲ್ಲಿ ಕಪ್ಪು ಪದರ ಕಂಡಿತು.

"ಅಸಲಿ ಕಣ್ಲಾ! ಆದ್ರೆ ಇದು ನಮ್ದೇನಾ?"

"ಇಂಥವು ಊರಿಗೊಂದಿದ್ವು ಕಣ್ಲಾ. ನಾನೇನ್ ಹೇಳ್ಲಿ?" ಎಂದೆ.

ರಂಜಾನ್ ಹಬ್ಬಕ್ಕೆ ಗುಲ್ಜಾರ್ ಬೀಯ ತಂಗಿ ಬದ್ರುನ್ನೀಸಾ ಕನಕಪುರದಿಂದ ಬಂದಳು. ಬೋರ್ಡಿನ ಮೂಲೆ ಸವರಿದಳು. "ಇಲ್ಲಿ ಕೆಂಪು ಅರಗಿತ್ತಲ್ಲ ಭಾವಾ? ಯಾರೋ ಕಲ್ಲು ಹೊಡ್ದಿದ್ರು. ಗುಲ್ಜಾರ್ ಆಪಾನೇ ಅರಗು ಕಾಯ್ಸಿ ತುಂಬಿದ್ಳು. ಆರೋಕ್ ಮುಂಚೆ ಒತ್ಬುಟ್ಟು ಹೆಬ್ಬೆಟ್ಟು ಸುಟ್ಕೊಂಡ್ಳು. ಅವ್ಳ ಹೆಬ್ಬೆಟ್ಟಿನ ಗುರ್ತು ಅದ್ರಾಗೇ ಇತ್ತು."

ಅಸ್ಗರ್ ಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡ. ಬುಗುರಿ ಕಸುಬಿನವರು ಚೂರು ಅರಗನ್ನೂ ಎಸೆಯುವುದಿಲ್ಲ. ಕಿತ್ತದ್ದನ್ನು ಅವನು ಅಂದೇ ಬೇರೆ ಚೂರುಗಳ ಜೊತೆ ಕರಗಿಸಿ ಬುಗುರಿಗಳಿಗೆ ಹಚ್ಚಿದ್ದ. ಅವೆಲ್ಲ ಹೆದ್ದಾರಿ ಅಂಗಡಿಗಳಿಂದ ಯಾವ ಯಾವ ಊರಿಗೋ ಹೋಗಿದ್ದವು.

"ಅರಗ್ನಾಗೆ ಒಸಿ ತಗ್ಗು ಕಂಡಿದ್ದೆ ಕಣ್ಲಾ. ಗಾಳಿಗುಳ್ಳೆ ಅನ್ಕಂಡೆ," ಎಂದು ಅತ್ತ. ಬೈಯೋಣವೆಂದರೆ ಯಾರನ್ನು ಬೈಯಲಿ?

ಮಾರನೆಯ ದಿನ ಅವನು ಅರಗು ಕಾಯಿಸಿ ಗುಳಿ ತುಂಬಿ, "ಒತ್ತು ಬದ್ರು," ಎಂದ.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ನನ್ನ ಬೆರಳು ಆಪಾದಾಗ್ತದಾ ಭಾವಾ?"

ಅವನು ತನ್ನ ಹೆಬ್ಬೆಟ್ಟನ್ನು ಹತ್ತಿರ ತಂದ. ಒತ್ತಲಿಲ್ಲ. ಅರಗು ಗಟ್ಟಿಯಾಗುವವರೆಗೂ ಹಾಗೇ ಕುಳಿತಿದ್ದ.

ಈಗ ಬೋರ್ಡು ಅವನ ಬಾಗಿಲ ಮೇಲಿದೆ. ಗುಜರಿಯ ಕಡೆ ಅವನು ಹೋಗುವುದಿಲ್ಲ. ಆದರೆ ಬೀದಿಯಲ್ಲಿ ಯಾವುದಾದರೂ ಮಗು ಕೆಂಪು ಬುಗುರಿ ಹಿಡಿದು ಹೋದರೆ ಎದ್ದು ಬರುತ್ತಾನೆ. "ಒಸಿ ಕೊಡು ಮರಿ, ನೋಡ್ಬುಟ್ಟು ಕೊಡ್ತೀನಿ," ಎಂದು ಅದರ ಮೈಮೇಲೆ ಹೆಬ್ಬೆಟ್ಟು ಸವರಿ, ವಾಪಸು ಕೊಡುತ್ತಾನೆ.