ಚೆನ್ನಾಗಿದೆ ಎಂದುಬಿಟ್ಟೆ

ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದ ಬಿಳಿ ಮುದ್ದೆಯೊಂದನ್ನು ತಂದು ನನ್ನ ಮುಂದಿಟ್ಟರು. ಹಾಳೆಯ ಒಳಗೆ ಹಬೆ ನೀರಾಗಿ ನಿಂತಿತ್ತು. ನಾವು ಊಟ ಹೇಳಿ ಒಂದು ಗಂಟೆ ಹತ್ತು ನಿಮಿಷವಾಗಿತ್ತು.

ನ್ಯೂಜೆರ್ಸಿಯ ಈ ನೈಜೀರಿಯನ್ ಹೋಟೆಲಿಗೆ ನನ್ನನ್ನೂ ನನ್ನ ಗಂಡ ಸುರೇಶನನ್ನೂ ಕರೆತಂದವಳು ಚಿಯೋಮಾ. ಪಿಸ್ಕಾಟವೇಯ ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನವಳು. ನಾವು ಇಲ್ಲಿಗೆ ಬಂದ ಮೊದಲ ಚಳಿಗಾಲ ಮನೆ ಹುಡುಕಲು ಜೊತೆಗೆ ಅಲೆದವಳು, ಡ್ರೈವಿಂಗ್ ಟೆಸ್ಟಿಗೆ ತನ್ನ ಕಾರು ಕೊಟ್ಟವಳು. ನಮ್ಮ ಕಡೆಯವರು ವಾರಾಂತ್ಯಕ್ಕೆ ಐಸೆಲಿನ್‌ನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತಿದ್ದರು, ಅಷ್ಟೇ. ಗೆಳತಿ ಎಂದು ನನಗಿದ್ದವಳು ಇವಳೊಬ್ಬಳು.

ಯಾಮ್ ಎಂಬ ಗೆಡ್ಡೆಯನ್ನು ಬೇಯಿಸಿ ಕುಟ್ಟಿ ಮಾಡುವ ಮುದ್ದೆ ಅದು. ಜೊತೆಗೆ ಎಗುಸಿ, ಅಂದರೆ ಕಲ್ಲಂಗಡಿ ಜಾತಿಯ ಬೀಜ ಅರೆದು ಸೊಪ್ಪು, ಮಾಂಸ ಹಾಕಿದ ಗಟ್ಟಿ ಸಾರು. ಕೈಯಲ್ಲಿ ಮುರಿದು, ಅದ್ದಿ, ಅಗಿಯದೆ ನುಂಗಬೇಕು ಎಂದು ಚಿಯೋಮಾ ತೋರಿಸಿಕೊಟ್ಟಳು.

ಮಂಡ್ಯದವನಾದ ಸುರೇಶ ನನ್ನ ಕಿವಿಯಲ್ಲಿ, "ನಂಗೇ ಮುದ್ದೆ ನುಂಗೋದು ಹೇಳ್ಕೊಡ್ತಾವ್ಳಲ್ಲೇ!" ಎಂದು ನಕ್ಕ.

ಮೊದಲ ತುತ್ತಿಗೇ ಅವನ ನಗು ನಿಂತಿತು. ಮುದ್ದೆಯಲ್ಲಿ ಹಸಿ ಹಿಟ್ಟಿನ ಗಂಟು. ಸಾರು ಮೇಲೆ ಸುಡುತ್ತಿತ್ತು, ತಳದಲ್ಲಿ ಫ್ರಿಜ್ಜಿನಿಂದ ತೆಗೆದ ಹಾಗೆ ತಣ್ಣಗಿತ್ತು. ನಮ್ಮ ಊರಿನಲ್ಲಿ ಗಂಟಿನ ಮುದ್ದೆಗೆ ಮನೆಯವರು ಎಷ್ಟಾದರೂ ರೇಗಬಹುದು. ಉಣ್ಣಲು ಬಂದವರು ತುಟಿ ಬಿಚ್ಚಬಾರದು. ನಾನು ನುಂಗಿದೆ.

ಚಿಯೋಮಾ ನುಂಗಲಿಲ್ಲ. ಬಡಿಸಿದ ಹೆಂಗಸನ್ನು ಮೂರು ಸಲ ಕರೆದಳು. ಆಕೆ ಫೋನಿನಲ್ಲಿ ಮಾತು ಮುಗಿಸಿಕೊಂಡು ಬಂದಳು.

"ಇದು ಕುಟ್ಟಿದ್ದಲ್ಲ, ಪ್ಯಾಕೆಟ್ ಪುಡಿ. ಸಾರು ತಣ್ಣಗಿದೆ. ಇವರು ನನ್ನ ಅತಿಥಿಗಳು!"

ಬಡಿಸಿದಾಕೆ ನನ್ನ ಕಡೆ ತಿರುಗಿದಳು. "ಊಟ ಹೇಗಿದೆ, ಮ್ಯಾಡಮ್?"

"ವೆರಿ ಗುಡ್, ಥ್ಯಾಂಕ್ಯೂ," ಎಂದುಬಿಟ್ಟೆ.

"ನೋಡಿದೆಯಾ ಸಿಸ್ಟರ್? ತೊಂದರೆ ಇರುವುದು ನಿನಗೊಬ್ಬಳಿಗೇ."

ಚಿಯೋಮಾ ಬಟ್ಟಲಿನ ನೀರಿನಲ್ಲಿ ಬೆರಳುಗಳನ್ನು ಒಂದೊಂದಾಗಿ ತೊಳೆದಳು. ಕಾರಿನ ಹತ್ತಿರ ಬಂದ ಮೇಲೆ ಮಾತಾಡಿದಳು.

"ನನ್ನ ಜನರ ಎದುರು ನನ್ನನ್ನು ಸುಳ್ಳುಗಾತಿ ಮಾಡಿದೆ."

"ನಿನಗೆ ಬೇಜಾರಾಗಬಾರದು ಅಂತ..."

"ನನ್ನ ಕೆಲಸ ಚೆನ್ನಾಗಿದೆ ಅಂತ ದಿನಾ ಹೇಳುತ್ತೀಯಲ್ಲ, ಅದೂ ಹೀಗೆಯೇನಾ?"

ನಾನು ಕಾರಿನ ಹಿಂದಿನ ಬಾಗಿಲು ತೆಗೆದು ಒಳಗೆ ಕೂತೆ.

ಒಂಬತ್ತು ದಿನ ಅವಳು ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಹತ್ತನೆಯ ದಿನ ಮಧ್ಯಾಹ್ನ ಮನೆಯಿಂದ ತಂದ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟಳು. ಅವಳೇ ಮಾಡಿದ ಎಗುಸಿ. ನಾನು ತಿನ್ನುವವರೆಗೂ ಎದುರಿಗೇ ನಿಂತಿದ್ದಳು.

"ಹೇಳು."

"ರುಚಿಯಾಗಿದೆ," ಎಂದೆ. ಅವಳು ಕದಲಲಿಲ್ಲ. "ಉಪ್ಪು ಜಾಸ್ತಿಯಾಗಿದೆ."

ಅವಳು ನನ್ನ ಚಮಚ ಕಿತ್ತುಕೊಂಡು ರುಚಿ ನೋಡಿದಳು. "ಹೌದು, ಆಗಿದೆ," ಎಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತಳು.

ಭಾನುವಾರ ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಸಂತೋಷದಿಂದ ಹೇಳಿದೆ.

"ಅಯ್ಯೋ, ಮನೇಲಿ ಮಾಡ್ಕೊಂಡು ತಂದೋಳಿಗೆ ಹಂಗಂತಾರೇನೇ? ನಾನು ಹಿಂಗಾ ನಿನ್ನ ಬೆಳೆಸಿದ್ದು?"

ಅಮ್ಮ ಹೇಳಿದ್ದೇ ಸರಿ ಎಂದು ನನಗೆ ಈಗಲೂ ಅನಿಸುತ್ತದೆ. ಆದರೂ ಚಿಯೋಮಾ ನಾಳೆ ಮತ್ತೆ ಕೇಳಿದರೆ, ಉಪ್ಪು ಜಾಸ್ತಿಯಿದ್ದರೆ ಜಾಸ್ತಿ ಎಂದೇ ಹೇಳುತ್ತೇನೆ.