ಹುಲ್ಲಿನ ಮಿಷನ್ ಅತ್ತೆ

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ಸೀಗೆಪುಡಿ, ಹುಣಸೆಹಣ್ಣು, ಸೀಮೆಎಣ್ಣೆ ಯಾವುದಕ್ಕೂ ಅದು ಜಗ್ಗುತ್ತಿರಲಿಲ್ಲ. ಸಂದಿಯಲ್ಲಿ ಕೂತ ಗ್ರೀಸು ಅಲ್ಲೇ ಬೇರುಬಿಟ್ಟಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಆ ಕೈಯಿಂದ ಅವರು ನನಗೆ ಒಬ್ಬಟ್ಟು ಬಡಿಸಿದಾಗ ನಾನು ಒಬ್ಬಟ್ಟು ಬಿಟ್ಟು ಉಗುರನ್ನೇ ನೋಡಿದೆ. "ಏನಮ್ಮ ನೋಡ್ತೀಯ? ಕೈ ತೊಳ್ದಿದೀನಿ. ಇದು ಕೊಳೆ ಅಲ್ಲ, ಕಲರ್ರು," ಎಂದು ಇನ್ನೊಂದು ಒಬ್ಬಟ್ಟು ಹಾಕಿದರು.

ಗಂಡ ಹೋದ ಹೆಂಗಸು ಜಪಮಣಿ ಹಿಡಿಯಬೇಕು ಎಂದು ನೆಂಟರೆಲ್ಲ ತೀರ್ಮಾನಿಸಿದ್ದ ಕಾಲದಲ್ಲಿ ನಮ್ಮ ಅತ್ತೆ ಸ್ಪ್ಯಾನರ್ ಹಿಡಿದರು. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮನೆಯ ಸುತ್ತ ಮೊಣಕಾಲುದ್ದ ಹುಲ್ಲು, ಹುಲ್ಲಿನೊಳಗೆ ಹಾವು. ದಂಡಿನ ಕಡೆ, ಕಂಟೋನ್ಮೆಂಟಿನಲ್ಲಿ, ಯಾರೋ ಇಂಗ್ಲಿಷ್ ದೊರೆ ಬಂಗಲೆ ಖಾಲಿ ಮಾಡಿ ಸೀಮೆಗೆ ಹೊರಟಿದ್ದ. ಅವನ ಸಾಮಾನಿನ ಹರಾಜಿಗೆ ಜನ ಬೀರು, ಪಿಂಗಾಣಿ ಎಂದು ಹೋದರೆ ಅತ್ತೆ ಹುಲ್ಲು ಕತ್ತರಿಸುವ ಒಂದು ಹಳೇ ಮಿಷನ್ನನ್ನು ಜಟಕಾದಲ್ಲಿ ಹೇರಿಕೊಂಡು ಬಂದರು. ಹುಲ್ಲು ಕತ್ತರಿಸಿದ್ದೂ ಆಯಿತು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದರ ಮೇಲಿದ್ದ ಹೆಸರಿನ ತಗಡು ಕಿತ್ತುಹೋಗಿತ್ತು. ಯಾರು ಮಾಡಿದ್ದು, ಯಾವ ಕಾಲದ್ದು ಎಂದು ತಿಳಿಯದೆ ಅತ್ತೆಗೆ ಊಟ ಸೇರದಂತಾಯಿತು.

ಅಡಿಗೆಮನೆಯ ಚಾಕುವಿನಿಂದ ಬಣ್ಣ ಕೆರೆದರು. ಕಪ್ಪಿನಡಿ ಹಸಿರು, ಹಸಿರಿನಡಿ ಕೆಂಪು. ಪಕ್ಕದ ಎರಕದ ಮೇಲೆ ಹಿಟ್ಟು ಉಜ್ಜಿ, ಸವೆದ ಅಂಕಿಗಳನ್ನು ಬೆರಳಲ್ಲೇ ಓದಿದರು. ಸಿಲಿಂಡರಿನ ಅಲಗು ಸರಿಯಾಗಿ ಕೂತಿದೆಯೇ ಎಂದು ನೋಡಲು ಅದರ ಬಾಯಿಗೆ ಕಾಗದದ ಪಟ್ಟಿ ಕೊಟ್ಟು ತಿರುಗಿಸುತ್ತಿದ್ದರು. ಕತ್ತರಿಯಂತೆ ಕತ್ತರಿಸಿದರೆ ಸರಿ, ಹರಿದರೆ ತಪ್ಪು. ಆ ಕಾಗದ ಬಹುತೇಕ ನನ್ನ ಗಂಡ ಇನ್ನೂ ಓದದ ಅವತ್ತಿನ ಪೇಪರು. "ಅಮ್ಮಾ, ಇವತ್ತಿಂದು!" ಎಂದು ಅವರು ಗೋಳಾಡಿದರೆ ಅತ್ತೆ, "ನಾಳೇನೂ ಬರತ್ತೆ ಬಿಡೋ, ಅದೇ ಸುದ್ದಿ," ಎನ್ನುತ್ತಿದ್ದರು.

ಇಂಥ ಹುಚ್ಚು ಒಬ್ಬರಿಗೇ ಇದ್ದರೆ ಜನ ನಗುತ್ತಾರೆ. ನಾಲ್ಕು ಜನಕ್ಕೆ ಹತ್ತಿದರೆ ಸಂಘ ಎನ್ನುತ್ತಾರೆ. ಎದುರು ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾಗಿದ್ದ ಫಿಟ್ಟರ್ ತಾತ ಸೇರಿದರು. ಹಿಂದಿನ ಬೀದಿಯಲ್ಲಿ ಒಂಟಿಯಾಗಿದ್ದ ನರ್ಸಮ್ಮ ಸೇರಿದರು. ನನ್ನನ್ನು ಯಾರೂ ಕೇಳಲಿಲ್ಲ, ಸೊಸೆಯಾದ್ದರಿಂದ ಸೇರಿಸಿಕೊಂಡರು. ಸಾರಕ್ಕಿಯ ಗೌಡರೊಬ್ಬರು ಊರಂಚಿನಲ್ಲಿ ಖಾಲಿ ಬಿದ್ದಿದ್ದ ತಮ್ಮ ರೇಷ್ಮೆಹುಳುವಿನ ಶೆಡ್ಡನ್ನು, "ಇಟ್ಕಳಿ ತಾಯಿ, ಸುಮ್ನೆ ಇಲಿ ಓಡಾಡ್ತಾವೆ," ಎಂದು ಕೊಟ್ಟರು. ಬಂಗಲೆಗಳ ಹಿತ್ತಿಲಿನಿಂದ, ಗುಜರಿಯಿಂದ ನಮ್ಮ ಮಿಷನ್‌ಗಳು ಒಂದೊಂದಾಗಿ ಅಲ್ಲಿ ಬಂದು ಕೂತವು.

ಒಮ್ಮೆ ಉತ್ತರಹಳ್ಳಿಯ ಬಾವಿಯೊಂದರ ಪಕ್ಕ ಮಣ್ಣಲ್ಲಿ ಅರ್ಧ ಹೂತುಹೋಗಿದ್ದ ಒಂದು ಭಾರಿ ಕಬ್ಬಿಣ ಸಿಕ್ಕಿತು. ಫಿಟ್ಟರ್ ತಾತ ಕಬ್ಬಿನ ಗಾಣ ಎಂದರು. ಅತ್ತೆ ರಸ್ತೆಯ ರೋಲರ್ ಎಂದರು. ಇಬ್ಬರೂ ಒಂದು ವಾರ ಮಾತು ಬಿಟ್ಟರು. ಕೊನೆಗೆ ನರ್ಸಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, "ಇದು ಕುದುರೆ ಮಿಷನ್ ಅಮ್ಮ, ಕುದುರೆ ಕಟ್ಟಿ ಹುಲ್ಲು ಕತ್ತರಿಸೋದು. ನಾನು ಟ್ರೈನಿಂಗ್ ಮಾಡಿದ ಆಸ್ಪತ್ರೆ ಕಾಂಪೌಂಡಲ್ಲಿ ಇತ್ತು. ಹುಲ್ಲಿನ ಮೇಲೆ ಗೊರಸಿನ ಗುರುತು ಬೀಳಬಾರ್ದು ಅಂತ ಕುದುರೆಗೆ ಚರ್ಮದ ಶೂ ಹಾಕೋರು," ಎಂದರು. ನಾವು ನಕ್ಕೆವು. ತುಕ್ಕು ಕೆರೆದಾಗ ನೊಗದ ಕಂಬ ಸಿಕ್ಕಿಸುವ ಎರಡು ತೂತು ಕಂಡವು. ಅತ್ತೆ ಎದ್ದು ನರ್ಸಮ್ಮನ ಎರಡೂ ಕೆನ್ನೆ ಸವರಿ ನೆಟಿಕೆ ಮುರಿದರು. ಅವತ್ತಿನಿಂದ ಯಾವ ಮಿಷನ್ ಬಂದರೂ ನರ್ಸಮ್ಮ ನೋಡುವವರೆಗೆ ಅದಕ್ಕೆ ಹೆಸರಿಡುತ್ತಿರಲಿಲ್ಲ.

ಸಂಘಕ್ಕೊಂದು ಬೋರ್ಡು ಬೇಕೆಂದಾಗ ಶುರುವಾಯಿತು ಪೇಚಾಟ. ನಾನು ನಾಲ್ಕಕ್ಷರ ಓದಿದವಳೆಂದು ಶುದ್ಧ ಕನ್ನಡದ ಜಂಬದಲ್ಲಿ "ತೋಟದ ಹಳೇ ಯಂತ್ರ ಸಂಘ" ಎಂದು ಬರೆಸಿದೆ. ಮರುವಾರವೇ ಒಬ್ಬಾಕೆ ರಾತ್ರಿಯೆಲ್ಲ ಬೆಚ್ಚಿಬೀಳುವ ಮಗುವನ್ನು ಎತ್ತಿಕೊಂಡು ಬಂದು, "ಒಂದು ಯಂತ್ರ ಕಟ್ಟಿಕೊಡಿ ತಾಯಿ," ಎಂದು ಕೈಮುಗಿದಳು. ಅವಳ ಹಿಂದೆ ಮದುವೆಯಾಗದ ಮಗಳ ತಂದೆ, ಅವನ ಹಿಂದೆ ಹಾಲು ಕೊಡದ ಎಮ್ಮೆಯ ಯಜಮಾನ. ಎಲ್ಲರಿಗೂ ತಾಮ್ರದ ತಗಡಿನ ತಾಯಿತವೇ ಬೇಕು. ಅತ್ತೆಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ನಿನ್ನ ಕನ್ನಡ ತಗೊಂಡು ಹೋಗಿ ಬಾವಿಗೆ ಹಾಕು. ಜನ ಏನಂತಾರೋ ಅದನ್ನೇ ಬರೆಸು," ಎಂದರು. ಜನ ಮಿಷನ್ ಎನ್ನುತ್ತಾರೆ. ಬಟ್ಟೆ ಹೊಲಿಯುವುದೂ ಮಿಷನ್, ಹಿಟ್ಟು ಬೀಸುವುದೂ ಮಿಷನ್. "ಹಳೇ ಮಿಷನ್ ಸಂಘ" ಎಂದು ಬರೆಸಿದೆವು.

ತಾಯಿತದವರು ನಿಂತರು, ಬೇರೆಯದು ಶುರುವಾಯಿತು. ನಾವು ಸೇರುತ್ತಿದ್ದುದು ಭಾನುವಾರ ಬೆಳಗ್ಗೆ. ನರ್ಸಮ್ಮ ಚರ್ಚಿನಿಂದ ನೇರವಾಗಿ ಬರುತ್ತಿದ್ದರು, ಬಿಳಿ ಸೀರೆ, ಕೊರಳಲ್ಲಿ ಪುಟ್ಟ ಶಿಲುಬೆ. ತಲೆಯ ಮೇಲೆ ಮಿಷನ್ ಎಂಬ ಬೋರ್ಡು. ಪಾದ್ರಿಗಳ ಶಾಲೆ, ಆಸ್ಪತ್ರೆಗಳನ್ನೂ ಜನ ಮಿಷನ್ ಎಂದೇ ಕರೆಯುತ್ತಿದ್ದರು. ಇನ್ನೇನು ಬೇಕು? ಆ ಶೆಡ್ಡಿನಲ್ಲಿ ಜನರನ್ನು ಕ್ರೈಸ್ತ ಮತಕ್ಕೆ ಸೇರಿಸುತ್ತಾರೆ ಎಂಬ ಸುದ್ದಿ ಸಾರಕ್ಕಿಯಿಡೀ ಹಬ್ಬಿತು. ನಮ್ಮ ಬೀದಿಯ ಮೂಲೆಮನೆ ಯಜಮಾನರು ಅದಕ್ಕೆ ಉಪ್ಪುಖಾರ ಹಚ್ಚಿ ಮನೆಮನೆಗೂ ಹಂಚಿದರು.

ಗೌಡರು ಬಂದು ನಮ್ಮ ಜಗಲಿಯ ಅಂಚಿನಲ್ಲಿ ಕೂತರು. ಕೊಟ್ಟ ಕಾಫಿ ಮುಟ್ಟಲಿಲ್ಲ.

"ನಂಗೊತ್ತು ತಾಯಿ, ಅದು ಕಬ್ಬಿಣದ ಮಿಷನ್ನು ಅಂತ. ಊರೋರ ಬಾಯಿ ಯಾರು ಕಟ್ತಾರೆ? ಬೋರ್ಡು ಬೇಕಾದ್ರೆ ಇರ್ಲಿ. ಆಯಮ್ಮನ್ನ ಮಾತ್ರ ಒಂದಾರು ತಿಂಗ್ಳು ಬರಬ್ಯಾಡಿ ಅನ್ನಿ. ಇಲ್ದಿದ್ರೆ ಶೆಡ್ ಬಿಡಿಸ್ಬೇಕಾಯ್ತದೆ."

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. "ಬೋರ್ಡು ಬದಲಾಯಿಸಿ ಅಂದಿದ್ರೆ ಇವತ್ತೇ ಬದಲಾಯಿಸ್ತಿದ್ದೆ ಗೌಡ್ರೇ. ಹಲಗೆ ನಂದು, ಬಣ್ಣ ನಂದು. ಮನುಷ್ಯರನ್ನ ಬದಲಾಯಿಸಿ ಅಂತೀರಲ್ಲ, ಅದಾಗಲ್ಲ. ಶೆಡ್ ನಿಮ್ದು, ಇಟ್ಕೊಳ್ಳಿ."

ವರ್ಷಗಟ್ಟಲೆ ಕೂಡಿಸಿದ್ದನ್ನು ಎಲ್ಲಿಡುವುದು? ಗುಜರಿಯವನು ಆಗಲೇ ವಾಸನೆ ಹಿಡಿದು ಎರಡು ಸಲ ಬಂದುಹೋಗಿದ್ದ. ಗೌಡರು ಹೋದ ಮೇಲೆ, "ಆರು ತಿಂಗಳು ತಾನೇ ಅತ್ತೆ," ಎಂದೆ. ಅವರು ನನ್ನನ್ನೇ ನೋಡಿ, "ಊರೋರು ಹೇಳಿದ್ರು ಅಂತ ನಿನ್ನ ಆರು ತಿಂಗ್ಳು ತವರಿಗೆ ಕಳ್ಸಿದ್ರೆ ಹೋಗ್ತೀಯಾ?" ಎಂದರು. ನಾನು ಗೌಡರು ಮುಟ್ಟದ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಸುದ್ದಿ ತಿಳಿದು ನರ್ಸಮ್ಮ ತಾವೇ ಬಂದು, "ನನ್ನಿಂದ ನಿಮಗ್ಯಾಕಮ್ಮ ತೊಂದ್ರೆ, ನಾನೇ ಬರಲ್ಲ," ಎಂದು ಕಣ್ಣೊರೆಸಿಕೊಂಡಾಗಲಂತೂ ಅತ್ತೆ ಕೆಂಡವಾದರು. "ಬರಲ್ಲ ಅನ್ನೋಕೆ ನೀವ್ಯಾರು? ಭಾನುವಾರ ಚರ್ಚಿಂದ ಸೀದಾ ಬನ್ನಿ. ಅದೇ ಸೀರೇಲಿ."

ಆ ಭಾನುವಾರ ಹಾಡಹಗಲೇ ನಾವು ಶೆಡ್ ಖಾಲಿ ಮಾಡಿ ಎಲ್ಲವನ್ನೂ ನಮ್ಮ ಮನೆಗೇ ಸಾಗಿಸಲು ಹೊರಟೆವು. ಎತ್ತಿನಗಾಡಿ ತರೋಣವೆಂದು ಫಿಟ್ಟರ್ ತಾತ ಹೇಳಿದರು. ಅತ್ತೆ ಒಪ್ಪಲಿಲ್ಲ. ಗಾಡಿಯೊಳಗೆ ಮುಚ್ಚಿಕೊಂಡು ಹೋಗುವಂಥದ್ದು ನಾವೇನೂ ಮಾಡಿಲ್ಲ, ತಳ್ಳಿಕೊಂಡೇ ಹೋಗೋಣ ಎಂದರು. ಒಂದೊಂದನ್ನೂ ಸಾರಕ್ಕಿಯ ನಡುಬೀದಿಯಲ್ಲಿ ತಳ್ಳಿದೆವು. ಅಲಗುಗಳು ಗರಗರ ತಿರುಗುವ ಸದ್ದಿಗೆ ನಾಯಿಗಳು ಓಡಿದವು, ಬಾಗಿಲುಗಳು ತೆರೆದವು. ಕುದುರೆ ಮಿಷನ್ ಮಾತ್ರ ಅಲುಗಲಿಲ್ಲ. ಅತ್ತೆ ಹಗ್ಗ ಕಟ್ಟಿ ಒಂದು ತುದಿ ತಾವು ಹಿಡಿದು, ಇನ್ನೊಂದನ್ನು ನರ್ಸಮ್ಮನ ಕೈಗೆ ಕೊಟ್ಟರು. ನಾನೂ ತಾತನೂ ಹಿಂದಿನಿಂದ ತಳ್ಳಿದೆವು. ಆ ಇಬ್ಬರು ಹೆಂಗಸರು, ಒಬ್ಬರ ಹಣೆಯಲ್ಲಿ ವಿಭೂತಿ, ಇನ್ನೊಬ್ಬರ ಕೊರಳಲ್ಲಿ ಶಿಲುಬೆ, ಏದುಸಿರು ಬಿಡುತ್ತ ಕುದುರೆಯ ಕೆಲಸ ಮಾಡಿದರು.

ನಮ್ಮ ಬೀದಿಯ ತಿರುವಿನಲ್ಲಿ ಮೂಲೆಮನೆ ಯಜಮಾನರು ತಮ್ಮ ಗೇಟಿನ ಹೊರಗೆ ದಾರಿಗೆ ಅಡ್ಡವಾಗಿ ನಿಂತಿದ್ದರು. ಅತ್ತೆ ನಿಲ್ಲಲೇ ಇಲ್ಲ.

"ಮಿಷನ್ ಬಂತು ಸ್ವಾಮೀ, ದಾರಿ ಬಿಡಿ!"

ಬಿಟ್ಟರು. ಬಿಡದಿದ್ದರೆ ಕಾಲು ಉಳಿಯುತ್ತಿರಲಿಲ್ಲ.

ಅಂದಿನಿಂದ ನಮ್ಮ ನಡುಮನೆಯೇ ಸಂಘವಾಯಿತು. ಸೋಫಾ ಜಗಲಿಗೆ ಹೋಯಿತು, ನನ್ನ ಗಂಡ ಪೇಪರಿನ ಸಮೇತ ಮಹಡಿಗೆ ಹೋದರು. ಗೌಡರು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಕೆಲವು ಮನೆಯವರು ಅರಿಶಿನ ಕುಂಕುಮಕ್ಕೆ ನನ್ನನ್ನು ಕರೆಯುವುದನ್ನು ಬಿಟ್ಟರು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅತ್ತೆಗೆ ಹೇಳಿದರೆ, "ಅವರ ಮನೆ ಕಡ್ಲೆಕಾಳು ಬೆಂದಿರೋದೇ ಇಲ್ಲ ಬಿಡು," ಎಂದು ನಗಿಸಿದರು.

ಅತ್ತೆ ಹೋದದ್ದು ಕೆಲವು ವರ್ಷಗಳ ಮೇಲೆ, ಒಂದು ಬೆಳಗ್ಗೆ, ಕಾಫಿ ಕುಡಿದ ಲೋಟ ಇನ್ನೂ ಬಿಸಿಯಿರುವಾಗಲೇ. ನಡುಮನೆಯಲ್ಲೇ ಮಿಷನ್‌ಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದೆವು. ಊರಿನಿಂದ ನೆಂಟರು ಬಂದರು. ಬಾಯಿಗಕ್ಕಿ ಹಾಕುವ ಹೊತ್ತಿಗೆ ನರ್ಸಮ್ಮ ಕಾಣಲಿಲ್ಲ. ಹುಡುಕಿದರೆ, ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದರು. ನನ್ನ ಮಾವನ ಅಣ್ಣ, ನಮ್ಮ ದೊಡ್ಡಮಾವನವರು, ಅಲ್ಲಿಯೇ ನಿಲ್ಲಿ ಎಂದಿದ್ದರಂತೆ.

ಆ ಮನೆಯಲ್ಲಿ ನಾನು ಅದುವರೆಗೆ ಹಿರಿಯರೆದುರು ಗಟ್ಟಿಯಾಗಿ ಮಾತಾಡಿದವಳಲ್ಲ. ಗೇಟಿಗೆ ಹೋಗಿ ನರ್ಸಮ್ಮನ ಕೈಹಿಡಿದು ಒಳಗೆ ಕರೆತಂದೆ. ಅಕ್ಕಿಯನ್ನು ಅವರ ಬೊಗಸೆಗೆ ಹಾಕಿ, "ಹಾಕಿ ನರ್ಸಮ್ಮ, ಮೊದಲು ನೀವು," ಎಂದೆ. ಅವರು ಬಗ್ಗಿ ಹಾಕಿದರು.

"ಇದೆಲ್ಲ ನಡೆಯೋದಾದ್ರೆ ನಾವು ಹೊರಡ್ತೀವಿ," ಎಂದು ದೊಡ್ಡಮಾವ ಟವಲ್ ಕೊಡವಿದರು.

"ಹೋಗೋರು ಹೋಗ್ಬೋದು, ಗೇಟ್ ತೆಗೆದೇ ಇದೆ," ಎಂದೆ.

ಮನೆಯೆಲ್ಲ ತಿರುಗಿ ನನ್ನನ್ನು ನೋಡಿತು. ನನ್ನ ಗಂಡ ಕೂಡ ನೋಡಿದರು. ಆ ದನಿ ನನ್ನದಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅದನ್ನು ನನಗೆ ಬಿಟ್ಟುಹೋದವರು ಅಲ್ಲೇ ಚಾಪೆಯ ಮೇಲೆ ಮಲಗಿದ್ದರು.